ಬೋಟಿನ ಎಂಜಿನ್ ಬಿಸಿಯಾದಾಗ: ಮುಚ್ಚಳ ಎತ್ತುವ ಮೊದಲು ನೀರು ನೋಡಿ

ಸೂಜಿ ಕೆಂಪು ಗೆರೆಯ ಕಡೆ ಹೊರಟಿದೆ, ಅಲಾರಾಂ ಕಿರುಚುತ್ತಿದೆ. ಆಗ ಎಲ್ಲರ ಕೈಯೂ ಮೊದಲು ಹೋಗುವುದು ಎಂಜಿನ್ ಮುಚ್ಚಳಕ್ಕೆ. ಅದನ್ನು ಆಮೇಲೆ ಎತ್ತಿದರಾಯಿತು. ಮೊದಲು ನೋಡಬೇಕಾದದ್ದು ಬೋಟಿನ ಹೊರಗೆ: ನೀರು ಬೀಳುತ್ತಿದೆಯಾ, ಇಲ್ವಾ?

ಕಾರಿನ ಎಂಜಿನ್ನಿನ ಬಿಸಿ ಕೊನೆಗೆ ಹೋಗುವುದು ಗಾಳಿಗೆ. ಬೋಟಿನ ಎಂಜಿನ್ ತಾನು ತೇಲುವ ನೀರನ್ನೇ ಹೀರಿ, ಮೈಯೊಳಗೆ ಸುತ್ತಿಸಿ, ಆಚೆ ಉಗುಳುತ್ತದೆ. ಹಾಗಾಗಿ ಎಂಜಿನ್ ಬಿಸಿಯಾದರೆ ಹೆಚ್ಚಿನ ಸಲ ಕಾರಣ ಆ ನೀರಿನ ದಾರಿಯಲ್ಲೇ ಎಲ್ಲೋ ಕೂತಿರುತ್ತದೆ. ಸೂಜಿ ಎಷ್ಟು ಬಿಸಿ ಅಂತ ಮಾತ್ರ ಹೇಳುತ್ತದೆ. ಎಲ್ಲಿ ತೊಂದರೆ ಅಂತ ಹೇಳುವುದು ನೀರು.

ಅಲಾರಾಂ ಹೊಡೆದ ಮೊದಲ ಎರಡು ನಿಮಿಷ

ಥ್ರಾಟಲ್ ಪೂರ್ತಿ ಇಳಿಸಿ, ನ್ಯೂಟ್ರಲ್‌ಗೆ ತನ್ನಿ. ನೀರು ಹೊರಬೀಳುವ ಜಾಗ ನೋಡಿ.

ನೀರು ಒಂದು ಹನಿಯೂ ಬರುತ್ತಿಲ್ಲ ಅಂದರೆ ಎಂಜಿನ್ ನಿಲ್ಲಿಸಿ. ಇನ್ನು ಓಡಿದಷ್ಟೂ ಹಾಳು. ನೀರು ಬರುತ್ತಿದೆ ಅಂದರೆ ತಟ್ಟನೆ ನಿಲ್ಲಿಸಬೇಡಿ. ಎರಡು ಮೂರು ನಿಮಿಷ ಸುಮ್ನೆ ನಿಧಾನಕ್ಕೆ ಓಡಲು ಬಿಡಿ. ಜೋರಾಗಿ ದುಡಿದ ಎಂಜಿನ್ ಥಟ್ಟನೆ ನಿಂತರೆ ನೀರಿನ ಓಟವೂ ನಿಲ್ಲುತ್ತದೆ, ಒಳಗಿನ ಬಿಸಿ ಅಲ್ಲೇ ಕೂರುತ್ತದೆ. ಸೂಜಿ ಇಳಿಯತೊಡಗಿದರೆ ಒಳ್ಳೆಯದು. ಏರುತ್ತಲೇ ಇದ್ದರೆ ನಿಲ್ಲಿಸಿ.

ಎರಡಕ್ಕೂ ಮೊದಲು ಒಮ್ಮೆ ಸುತ್ತ ನೋಡಿ. ಬಂಡೆ ಹತ್ತಿರ ಇದೆಯಾ, ದೊಡ್ಡ ಹಡಗಿನ ದಾರಿಯಲ್ಲಿದ್ದೀರಾ? ಲಂಗರು ಇಳಿಸಲು ತಕ್ಕ ಆಳ ಇದೆಯಾ? ಎಂಜಿನ್ ಉಳಿಸಲು ಹೋಗಿ ಬೋಟನ್ನು ಬಂಡೆಗೆ ಕೊಟ್ಟವರಿದ್ದಾರೆ. ಬೇಕಾದರೆ ಇನ್ನೊಂದು ನಿಮಿಷ ನಿಧಾನವಾಗಿ ಓಡಿಸಿ ಸುರಕ್ಷಿತ ಜಾಗಕ್ಕೆ ಬನ್ನಿ, ಆಮೇಲೆ ನಿಲ್ಲಿಸಿ.

ಮಾಡಲೇಬಾರದ ಎರಡು ಕೆಲಸ ಇವೆ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯುವುದು ಒಂದು, ಲೋಹ ಬಿರುಕು ಬಿಡುತ್ತದೆ. ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಇರುವ ಟ್ಯಾಂಕಿನ ಮುಚ್ಚಳ ತೆರೆಯುವುದು ಇನ್ನೊಂದು. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ. ಮುಚ್ಚಳ ಸಡಿಲವಾದ ಕ್ಷಣಕ್ಕೆ ಕುದಿದು, ಆವಿಯ ಜೊತೆ ನಿಮ್ಮ ಮುಖಕ್ಕೆ ಚಿಮ್ಮುತ್ತದೆ. ಕೈಯಿಟ್ಟರೆ ಸುಡದಷ್ಟು ತಣ್ಣಗಾಗುವವರೆಗೆ, ಅಂದರೆ ಕಡಿಮೆ ಅಂದರೂ ಮುಕ್ಕಾಲು ಗಂಟೆ, ಅದನ್ನು ಮುಟ್ಟಬೇಡಿ.

ನೀರು ಹೋಗುವ ದಾರಿ

ಔಟ್‌ಬೋರ್ಡ್‌ನಲ್ಲಿ, ಅಂದರೆ ಬೋಟಿನ ಹಿಂಬದಿಗೆ ಹೊರಗೆ ಕೂರಿಸಿದ ಎಂಜಿನ್ನಿನಲ್ಲಿ, ದಾರಿ ಚಿಕ್ಕದು. ಪ್ರೊಪೆಲ್ಲರ್‌ಗೆ ಸ್ವಲ್ಪ ಮೇಲಿರುವ ಜಾಲರಿಯಿಂದ ನೀರು ಒಳಬರುತ್ತದೆ, ಎಂಜಿನ್ನಿನ ನೀರಿಗಿಳಿಯುವ ಕಾಲಿನೊಳಗಿರುವ ರಬ್ಬರ್ ಇಂಪೆಲ್ಲರ್ ಅದನ್ನು ಮೇಲೆ ತಳ್ಳುತ್ತದೆ, ಅದು ಎಂಜಿನ್ ಸುತ್ತಿ, ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ವಾಲ್ವಾದ ಥರ್ಮೋಸ್ಟಾಟ್ ದಾಟಿ, ಎಕ್ಸಾಸ್ಟ್, ಅಂದರೆ ಹೊಗೆಯ, ಜೊತೆ ಕೆಳಗೆ ಹೋಗುತ್ತದೆ. ಅದರಲ್ಲಿ ಸ್ವಲ್ಪ ನೀರು ಪಕ್ಕದ ಸಣ್ಣ ತೂತಿನಿಂದ ಪಿಚಕಾರಿಯ ಹಾಗೆ ಚಿಮ್ಮುತ್ತದೆ. ಇದಕ್ಕೆ ಟೆಲ್‌ಟೇಲ್ ಅನ್ನುತ್ತಾರೆ.

ಇನ್‌ಬೋರ್ಡ್‌ನಲ್ಲಿ, ಅಂದರೆ ಬೋಟಿನೊಳಗೇ ಕೂತ ಎಂಜಿನ್ನಿನಲ್ಲಿ, ದಾರಿ ಉದ್ದ. ಬೋಟಿನ ತಳದಲ್ಲಿರುವ ವಾಲ್ವ್, ಅಂದರೆ ಸೀಕಾಕ್, ಅಲ್ಲಿಂದ ಕಸ ಹಿಡಿಯುವ ಸ್ಟ್ರೈನರ್, ಆಮೇಲೆ ಇಂಪೆಲ್ಲರ್ ಇರುವ ಪಂಪು, ಆಮೇಲೆ ಹೀಟ್ ಎಕ್ಸ್‌ಚೇಂಜರ್, ಕೊನೆಗೆ ಎಕ್ಸಾಸ್ಟ್ ಎಲ್ಬೋ ಅನ್ನುವ ಬಾಗಿದ ಕೊಳವೆಯಲ್ಲಿ ಹೊಗೆಯ ಜೊತೆ ಬೆರೆತು ಹೊರಗೆ. ಎಂಜಿನ್ನಿನ ಒಳಗೆ ಸುತ್ತುವ ಕೂಲೆಂಟ್ ಬೇರೆಯೇ. ಅದು ಹೀಟ್ ಎಕ್ಸ್‌ಚೇಂಜರ್‌ನಲ್ಲಿ ತನ್ನ ಬಿಸಿಯನ್ನು ಹೊರಗಿನ ನೀರಿಗೆ ಕೊಟ್ಟು ವಾಪಸ್ ಬರುತ್ತದೆ. ಕೆಲವು ಇನ್‌ಬೋರ್ಡ್‌ಗಳಲ್ಲಿ ಕೂಲೆಂಟೇ ಇಲ್ಲ, ಹೊರಗಿನ ನೀರೇ ನೇರವಾಗಿ ಎಂಜಿನ್ ಸುತ್ತುತ್ತದೆ. ನಿಮ್ಮದು ಯಾವುದು ಅಂತ ಬೋಟು ಕಟ್ಟಿ ನಿಂತಿರುವಾಗಲೇ ತಿಳಿದುಕೊಂಡಿರಿ.

ಲಕ್ಷಣ: ನೀರು ಬರುತ್ತಿಲ್ಲ, ಅಥವಾ ತೀರ ಸಣ್ಣಗೆ ಬರುತ್ತಿದೆ

ಔಟ್‌ಬೋರ್ಡ್ ಆದರೆ ಎಂಜಿನ್ ನಿಲ್ಲಿಸಿ, ಎಂಜಿನ್ ತಟ್ಟನೆ ನಿಲ್ಲಿಸುವ ಕಿಲ್ ಸ್ವಿಚ್‌ನ ದಾರ ಕಿತ್ತು ಜೇಬಿಗೆ ಹಾಕಿಕೊಳ್ಳಿ, ಆಮೇಲೆ ಎಂಜಿನ್ ಮೇಲಕ್ಕೆ ಓರೆ ಮಾಡಿ. ಜಾಲರಿಗೆ ಪ್ಲಾಸ್ಟಿಕ್ ಚೀಲವೋ ಪಾಚಿಯೋ ಅಂಟಿದೆಯಾ ನೋಡಿ. ಇಲ್ಲೊಂದು ತಮಾಷೆ ಇದೆ. ಎಂಜಿನ್ ನಿಂತ ಕೂಡಲೇ ಹೀರುವುದೂ ನಿಲ್ಲುತ್ತದೆ, ಚೀಲ ತಾನೇ ಕಳಚಿ ತೇಲಿ ಹೋಗುತ್ತದೆ. ನೀವು ನೋಡುವಾಗ ಏನೂ ಇರುವುದಿಲ್ಲ. ಮತ್ತೆ ಚಾಲೂ ಮಾಡಿದರೆ ನೀರು ಜೋರಾಗಿ ಬರುತ್ತದೆ, ಸೂಜಿ ಇಳಿಯುತ್ತದೆ. ಹಾಗಾದರೆ ಕಾರಣ ಬಹುಶಃ ಅದೇ. ಆದರೂ ಮುಂದಿನ ಅರ್ಧ ಗಂಟೆ ಸೂಜಿಯ ಮೇಲೆ ಒಂದು ಕಣ್ಣಿರಲಿ.

ಜಾಲರಿ ಸ್ವಚ್ಛವಾಗಿದ್ದರೆ ಟೆಲ್‌ಟೇಲ್ ತೂತನ್ನು ನೋಡಿ. ಅದು ಸಣ್ಣ ತೂತು, ಮರಳು ಉಪ್ಪು ಸೇರಿ ಮುಚ್ಚಿಕೊಳ್ಳುತ್ತದೆ. ಬೋಟು ಕೆಲವು ವಾರ ಸುಮ್ನೆ ನಿಂತಿದ್ದರೆ ಕಣಜ ಅದರೊಳಗೆ ಮಣ್ಣಿನ ಗೂಡು ಕಟ್ಟಿರಬಹುದು. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ಇದಕ್ಕೆ ಚೆನ್ನಾಗಿ ಆಗುತ್ತದೆ. ಗಟ್ಟಿ ತಂತಿ ಚುಚ್ಚಿದರೆ ಒಳಗಿನ ಪ್ಲಾಸ್ಟಿಕ್ ಮೂಗು ಒಡೆಯಬಹುದು. ಟೆಲ್‌ಟೇಲ್ ಮುಚ್ಚಿದ್ದು ಮಾತ್ರವೇ ತೊಂದರೆಯಾಗಿದ್ದರೆ ಎಂಜಿನ್ ಬಿಸಿಯಾಗಿರುವುದಿಲ್ಲ. ಧಾರೆಯೂ ಇಲ್ಲ, ಅಲಾರಾಮೂ ಹೊಡೆಯಿತು ಅಂದರೆ ಇಂಪೆಲ್ಲರ್ ಕಡೆ ಹೋಗಬೇಕು.

ಇದಕ್ಕೆ ತಿರುಗು ಮಾತೂ ನೆನಪಿರಲಿ. ಟೆಲ್‌ಟೇಲ್ ಚೆನ್ನಾಗಿ ಚಿಮ್ಮುತ್ತಿದೆ ಅಂದರೆ ಪಂಪು ಓಡುತ್ತಿದೆ ಅಂತ ಮಾತ್ರ ಅರ್ಥ. ನೀರು ಎಂಜಿನ್ನಿನ ಮೂಲೆ ಮೂಲೆಗೂ ಹೋಗುತ್ತಿದೆ ಅಂತ ಅಲ್ಲ. ಧಾರೆಗೆ ಕೈ ಒಡ್ಡಿ ನೋಡುವಾಗ ಹುಷಾರು: ಬೆಚ್ಚಗಿದ್ದರೆ ಸರಿ, ಕೈ ಹಿಂದಕ್ಕೆಳೆಯುವಷ್ಟು ಬಿಸಿಯಿದ್ದರೆ ಸರಿಯಿಲ್ಲ.

ಇನ್‌ಬೋರ್ಡ್ ಆದರೆ ಮೊದಲು ಸೀಕಾಕ್. ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ. ರಿಪೇರಿ ಮಾಡಿದ ಮರುದಿನ ಬಿಸಿಯಾಗುವ ಬೋಟುಗಳಲ್ಲಿ ಇದನ್ನೇ ಮೊದಲು ನೋಡಬೇಕು. ನಾಚಿಕೆಯ ಮಾತು ಅಂತ ಯಾರೂ ಹೇಳಿಕೊಳ್ಳುವುದಿಲ್ಲ, ಅಷ್ಟೆ.

ಆಮೇಲೆ ಸ್ಟ್ರೈನರ್. ಎಂಜಿನ್ ನಿಲ್ಲಿಸಿ, ಸೀಕಾಕ್ ಮುಚ್ಚಿ, ಆಮೇಲೆ ಮುಚ್ಚಳ ತೆರೆಯಿರಿ. ಈ ಕ್ರಮ ತಪ್ಪಬಾರದು. ಸ್ಟ್ರೈನರ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಮುಚ್ಚಳ ತೆಗೆದ ಕೂಡಲೇ ಸಮುದ್ರ ಬೋಟಿನೊಳಕ್ಕೆ ಬರುತ್ತದೆ. ಜಾಲರಿ ತೊಳೆದು, ಮುಚ್ಚಳದ ರಬ್ಬರ್ ರಿಂಗು ನೋಡಿ. ಚಪ್ಪಟೆಯಾಗಿದ್ದರೆ, ಬಿರುಕಿದ್ದರೆ ಬದಲಿಸಿ.

ಈ ರಿಂಗಿನ ವಿಷಯದಲ್ಲಿ ನನಗೆ ಸ್ವಂತ ಅನುಭವ ಇದೆ. ಒಂದು ಬೋಟಿಗೆ ಎರಡು ಇಂಪೆಲ್ಲರ್, ಒಂದು ಥರ್ಮೋಸ್ಟಾಟ್ ಹಾಕಿದೆ. ಬಿಸಿ ಕಡಿಮೆಯಾಗಲಿಲ್ಲ. ಕೊನೆಗೆ ಸಿಕ್ಕಿದ್ದು ಸ್ಟ್ರೈನರ್ ಮುಚ್ಚಳದ ರಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು. ನೀರು ಸೋರುತ್ತಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಆದರೆ ಅದು ಪಂಪು ಹೀರುವ ಕಡೆ ಇರುವ ಭಾಗ. ಅಲ್ಲಿ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ನುಗ್ಗುತ್ತದೆ. ಗಾಳಿ ಕುಡಿದ ಪಂಪಿಗೆ ನೀರು ಎಳೆಯಲು ಆಗುವುದಿಲ್ಲ.

ಅಂದು ಬಕೆಟ್ ಪರೀಕ್ಷೆ ಗೊತ್ತಿದ್ದರೆ ದುಡ್ಡು ಉಳಿಯುತ್ತಿತ್ತು. ಖರ್ಚಿಲ್ಲದ ಪರೀಕ್ಷೆ ಇದು. ಸೀಕಾಕ್ ಮುಚ್ಚಿ. ಪಂಪಿಗೆ ನೀರು ತರುವ ಹೋಸನ್ನು ಸ್ಟ್ರೈನರ್ ಕಡೆಯಿಂದ ಬಿಚ್ಚಿ ನೀರು ತುಂಬಿದ ಬಕೆಟ್‌ಗೆ ಇಳಿಸಿ. ಎಂಜಿನ್ ಚಾಲೂ ಮಾಡಿ, ನಿಧಾನಕ್ಕೇ ಓಡಲಿ. ಬಕೆಟ್ ಸರಸರ ಖಾಲಿಯಾಗಿ ಹಿಂದಿನಿಂದ ನೀರು ಜೋರಾಗಿ ಬಿದ್ದರೆ ಪಂಪು ಮತ್ತು ಅದರ ಮುಂದಿನ ದಾರಿ ಸರಿಯಿದೆ, ತೊಂದರೆ ಇರುವುದು ಸೀಕಾಕ್, ಸ್ಟ್ರೈನರ್ ಅಥವಾ ತಳದ ತೂತಿನಲ್ಲಿ. ಬಕೆಟ್ ಖಾಲಿಯಾಗದೇ ಇದ್ದರೆ ತೊಂದರೆ ಪಂಪಿನಲ್ಲಿ ಅಥವಾ ಅದರ ಮುಂದೆ. ಒಂದು ಬಕೆಟ್ ನೀರಿನಲ್ಲಿ ಅರ್ಧ ದಾರಿ ಲೆಕ್ಕದಿಂದ ಬಿಟ್ಟುಹೋಯಿತು, ಅಲ್ವಾ? ಬಕೆಟ್ ಬರಿದಾಗುವ ಮೊದಲೇ ಎಂಜಿನ್ ನಿಲ್ಲಿಸಲು ಒಬ್ಬರು ಕೀ ಹತ್ತಿರ ನಿಂತಿರಲಿ.

ತಳದ ತೂತಿನೊಳಗೆ ಗಟ್ಟಿ ಚಿಪ್ಪಿನ ಜೀವಿಗಳು ಮನೆ ಮಾಡುತ್ತವೆ. ಬೆಚ್ಚಗಿನ ಸಮುದ್ರದಲ್ಲಿ ನಿಂತ ಬೋಟಿಗೆ ಕೆಲವೇ ವಾರ ಸಾಕು. ಅದನ್ನು ಕೆರೆಯಲು ನೀರಿಗೆ ಇಳಿಯುವುದಾದರೆ ಎಂಜಿನ್ ಬಂದ್, ಕೀ ನಿಮ್ಮ ಬಳಿ, ಮೇಲೊಬ್ಬರು ಕಾವಲು. ಇಷ್ಟಿಲ್ಲದೆ ಪ್ರೊಪೆಲ್ಲರ್ ಹತ್ತಿರ ಹೋಗಬೇಡಿ.

ಇಂಪೆಲ್ಲರ್ ಬಿಚ್ಚಿದಾಗ ಏನು ನೋಡಬೇಕು

ಇಂಪೆಲ್ಲರ್ ಅಂದರೆ ರಬ್ಬರಿನ ಎಸಳುಗಳಿರುವ ಸಣ್ಣ ಚಕ್ರ. ಅದಕ್ಕೆ ಎಣ್ಣೆ ಇಲ್ಲ, ಅದನ್ನು ಜಾರಿಸುವುದು ನೀರೇ. ನೀರಿಲ್ಲದೆ ಒಂದು ನಿಮಿಷ ತಿರುಗಿದರೂ ಸಾಕು, ಎಸಳಿನ ತುದಿ ಸುಟ್ಟು ಹೋಗುತ್ತದೆ. ಹಾಗಾಗಿ ಸೀಕಾಕ್ ಮುಚ್ಚಿದ್ದು ಸಿಕ್ಕಿತು, ತೆರೆದೆ, ಮುಗಿಯಿತು ಅಂದುಕೊಳ್ಳಬೇಡಿ. ಆ ಹೊತ್ತಿನಲ್ಲಿ ಇಂಪೆಲ್ಲರ್ ಪೆಟ್ಟು ತಿಂದಿರಬಹುದು.

ಇನ್‌ಬೋರ್ಡ್ ಪಂಪಿನಲ್ಲಿ ನಾಲ್ಕೈದು ಸ್ಕ್ರೂ ಬಿಚ್ಚಿದರೆ ಮುಚ್ಚಳ ಬರುತ್ತದೆ. ಮೊದಲೇ ಸೀಕಾಕ್ ಮುಚ್ಚಿರಿ. ಎಸಳು ಯಾವ ದಿಕ್ಕಿಗೆ ಬಾಗಿದೆ ಅಂತ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಹೊಸದನ್ನೂ ಅದೇ ದಿಕ್ಕಿಗೆ ಬಾಗಿಸಿ ಕೂರಿಸಬೇಕು. ಔಟ್‌ಬೋರ್ಡ್‌ನಲ್ಲಿ ಕೆಳಗಿನ ಕಾಲನ್ನೇ ಇಳಿಸಬೇಕು, ಗೇರ್ ರಾಡನ್ನು ಸರಿಯಾಗಿ ಕೂಡಿಸಬೇಕು. ಒಂದು ಸಲ ಗೊತ್ತಿದ್ದವರ ಜೊತೆ ನಿಂತು ಮಾಡಿದರೆ ಆಮೇಲೆ ಕಷ್ಟವಲ್ಲ.

ಹೊರತೆಗೆದ ಮೇಲೆ ಎಸಳು ಎಣಿಸಿ. ಒಂದು ಕಡಿಮೆ ಇದ್ದರೆ ಹೊಸದು ಹಾಕುವ ಮೊದಲು ಆ ಮುರಿದ ಚೂರನ್ನು ಹುಡುಕಿ. ಇದನ್ನು ಜನ ಬಿಟ್ಟುಬಿಡುತ್ತಾರೆ. ಆ ಚೂರು ಮಾಯವಾಗುವುದಿಲ್ಲ, ನೀರಿನ ಜೊತೆ ಮುಂದೆ ಹೋಗಿ ಹೀಟ್ ಎಕ್ಸ್‌ಚೇಂಜರ್‌ನ ಬಾಯಿಯಲ್ಲೋ ಯಾವುದಾದರೂ ತಿರುವಿನಲ್ಲೋ ಸಿಕ್ಕಿ ಕೂರುತ್ತದೆ. ಹೊಸ ಇಂಪೆಲ್ಲರ್ ಹಾಕಿದ ಮೇಲೂ ಬಿಸಿ ಹೋಗಲಿಲ್ಲ ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಹಳೆಯದರ ಎಸಳು ಎಲ್ಲಾ ಸಿಕ್ಕಿತಾ ಅಂತ. ಸಿಕ್ಕ ಚೂರುಗಳನ್ನು ಹಳೆಯ ಚಕ್ರದ ಪಕ್ಕ ಜೋಡಿಸಿ ನೋಡಿ, ಚಕ್ರ ಪೂರ್ತಿಯಾಗಬೇಕು.

ಎಸಳು ಎಲ್ಲಾ ಇದ್ದರೂ ಬುಡದಲ್ಲಿ ಬೆರಳಿನಿಂದ ಬಾಗಿಸಿ ನೋಡಿ. ಬಿರುಕು ಕಂಡರೆ ಕೆಲಸ ಮುಗಿದಿದೆ. ಒಂದೇ ಕಡೆಗೆ ಸೊಟ್ಟಗಾಗಿ ನೇರಕ್ಕೆ ಬಾರದಿದ್ದರೂ ಅಷ್ಟೆ. ಇನ್ನೊಂದು ಮೋಸದ ದೋಷ ಇದೆ. ರಬ್ಬರು ನಡುವಿನ ಲೋಹದ ಬುಶ್‌ಗೆ ಅಂಟಿರುತ್ತದೆ. ಆ ಅಂಟು ಬಿಟ್ಟರೆ ನಡುವಿನದು ತಿರುಗುತ್ತದೆ, ಎಸಳು ತಿರುಗುವುದಿಲ್ಲ. ಕಣ್ಣಿಗೆ ಇಂಪೆಲ್ಲರ್ ಹೊಸದರ ಹಾಗೆ ಕಾಣುತ್ತದೆ. ಬುಶ್ ಹಿಡಿದುಕೊಂಡು ರಬ್ಬರನ್ನು ಗಟ್ಟಿಯಾಗಿ ತಿರುವಿ, ಜಾರಿದರೆ ಎಸೆಯಿರಿ. ಔಟ್‌ಬೋರ್ಡ್‌ನಲ್ಲಿ ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡುವ ಸಣ್ಣ ಕೀ ಇದೆ, ಅದು ತುಂಡಾದರೂ ಇದೇ ಕಥೆ.

ಪಂಪಿನ ಒಳಗೋಡೆ, ಮುಚ್ಚಳದ ಒಳಮೈ ನೋಡಿ. ಮರಳು ನೀರಿನಲ್ಲಿ ಓಡಿದ ಪಂಪಿನಲ್ಲಿ ಉಗುರಿಗೆ ಸಿಗುವಂಥ ಗೆರೆ ಬಿದ್ದಿರುತ್ತದೆ. ಅಂಥ ಮುಚ್ಚಳದಲ್ಲಿ ಹೊಸ ಇಂಪೆಲ್ಲರ್ ಕೂಡ ಪೂರ್ತಿ ಒತ್ತಡ ಕೊಡುವುದಿಲ್ಲ. ಹೊಸದನ್ನು ಕೂರಿಸುವಾಗ ಗ್ಲಿಸರಿನ್ ಅಥವಾ ಸೋಪಿನ ನೀರು ಸವರಿ. ಸಾಮಾನ್ಯ ಗ್ರೀಸ್ ಬೇಡ, ಪೆಟ್ರೋಲಿಯಂ ಗ್ರೀಸ್ ಎಷ್ಟೋ ಬಗೆಯ ರಬ್ಬರನ್ನು ಊದಿಸುತ್ತದೆ.

ಪಂಪಿನ ಅಡಿಯ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ತೂತು ಮುಚ್ಚಿ ಸೋರಿಕೆ ನಿಲ್ಲಿಸಬೇಡಿ. ಆ ತೂತು ಇರುವುದೇ ನೀರು ಬೇರಿಂಗಿಗೋ ಎಂಜಿನ್ ಎಣ್ಣೆಗೋ ಹೋಗದಿರಲಿ ಅಂತ.

ಲಕ್ಷಣ: ನಿಧಾನಕ್ಕೆ ಓಡಿಸಿದರೆ ಸರಿ, ವೇಗ ಹೆಚ್ಚಿಸಿದರೆ ಬಿಸಿ

ಜಾಸ್ತಿ ಜನ ತಲೆ ಕೆಡಿಸಿಕೊಳ್ಳುವುದು ಇದಕ್ಕೇ. ನೀರು ಬರುತ್ತಿದೆ, ಆದರೆ ಬೇಕಾದಷ್ಟು ಬರುತ್ತಿಲ್ಲ ಅಂತ ಇದರ ಅರ್ಥ. ಅಥವಾ ಎಂಜಿನ್ ತನ್ನ ಶಕ್ತಿಗಿಂತ ಜಾಸ್ತಿ ಭಾರ ಎಳೆಯುತ್ತಿದೆ.

ಭಾರದ ಮಾತು ಮೊದಲು, ಯಾಕೆಂದರೆ ಅದಕ್ಕೆ ಸ್ಪ್ಯಾನರ್ ಬೇಡ. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಮೊದಲು ಎಷ್ಟು ಆರ್‌ಪಿಎಂ ಹೋಗುತ್ತಿತ್ತು, ಈಗ ಎಷ್ಟು ಹೋಗುತ್ತಿದೆ? ಕೆಲವು ನೂರು ಇಳಿದಿದ್ದರೆ ಬೋಟಿನ ತಳಕ್ಕೆ ಪಾಚಿ, ಚಿಪ್ಪು ಹಿಡಿದಿರಬಹುದು, ಪ್ರೊಪೆಲ್ಲರ್‌ಗೆ ಬಲೆ ಅಥವಾ ಹಗ್ಗ ಸುತ್ತಿರಬಹುದು, ಅಥವಾ ಹೊಸದಾಗಿ ಹಾಕಿದ ಪ್ರೊಪೆಲ್ಲರ್ ಎಂಜಿನ್ನಿಗೆ ದೊಡ್ಡದಾಯಿತು. ಡೀಸೆಲ್ ಆದರೆ ಕಪ್ಪು ಹೊಗೆಯೂ ಜೊತೆಗಿರುತ್ತದೆ. ಇಲ್ಲಿ ಎಂಜಿನ್ ಬಿಚ್ಚಿ ಏನೂ ಸಿಗುವುದಿಲ್ಲ, ತಳ ಕೆರೆದರೆ ಸಾಕು.

ಆಮೇಲೆ ಗಾಳಿ. ಔಟ್‌ಬೋರ್ಡನ್ನು ತೀರ ಮೇಲೆ ಕೂರಿಸಿದ್ದರೆ, ಅಥವಾ ಓಡುವಾಗ ಜಾಸ್ತಿ ಓರೆ ಮಾಡಿದರೆ, ನೀರು ಹೀರುವ ಜಾಲರಿ ನೊರೆಯಲ್ಲಿ ಇರುತ್ತದೆ. ತಿರುಗುವಾಗ ಮಾತ್ರ ಅಲಾರಾಂ ಹೊಡೆಯುವುದು ಇದರ ಗುರುತು. ತಳದಲ್ಲಿ ಜಾಲರಿಯ ಮುಂದೆ ಹೊಸದಾಗಿ ಏನಾದರೂ ಸಿಕ್ಕಿಸಿದ್ದೀರಾ, ಆಳ ಅಳೆಯುವ ಸೆನ್ಸರ್ ಥರದ್ದು? ಅದು ಏಳಿಸುವ ಗುಳ್ಳೆಗಳೂ ಸಾಕು.

ಮೂರನೆಯದು ಹೋಸು. ಹೀರುವ ಕಡೆಯ ಹೋಸು ಹಳೆಯದಾದರೆ ಒಳಗಿನ ಪದರ ಬಿಟ್ಟುಕೊಳ್ಳುತ್ತದೆ. ನಿಧಾನಕ್ಕೆ ಓಡುವಾಗ ದುಂಡಗೇ ಇರುತ್ತದೆ, ಎಂಜಿನ್ ಜೋರಾದ ಹಾಗೆ ಹೀರಿಕೊಂಡು ಚಪ್ಪಟೆಯಾಗುತ್ತದೆ. ಇದು ಕಾಣಬೇಕಾದರೆ ಒಬ್ಬರು ಎಂಜಿನ್ ಓಡಿಸಬೇಕು, ಇನ್ನೊಬ್ಬರು ಟಾರ್ಚು ಹಿಡಿದು ದೂರದಿಂದ ನೋಡಬೇಕು. ಬೆಲ್ಟ್ ಹತ್ತಿರ ತೋಳಿನ ಬಟ್ಟೆ, ಶಾಲು, ಬಿಟ್ಟ ಕೂದಲು ಬೇಡ. ಹೀರುವ ಕಡೆ ಯಾವಾಗಲೂ ಒಳಗೆ ತಂತಿಯ ಸುರುಳಿ ಇರುವ ಹೋಸೇ ಹಾಕಬೇಕು.

ಬೆಲ್ಟಿನಿಂದ ತಿರುಗುವ ಪಂಪಾದರೆ ಬೆಲ್ಟ್ ಜಾರುತ್ತಿದೆಯಾ ನೋಡಿ. ಪಕ್ಕದಲ್ಲಿ ಕಪ್ಪು ಪುಡಿ ಬಿದ್ದಿದ್ದರೆ ಜಾರುತ್ತಿದೆ ಅಂತಲೇ.

ಇವೆಲ್ಲ ಸರಿಯಿದ್ದರೆ ಹೀಟ್ ಎಕ್ಸ್‌ಚೇಂಜರ್. ಇದು ತಿಂಗಳುಗಟ್ಟಲೆ ಮೆಲ್ಲಗೆ ಕಟ್ಟಿಕೊಳ್ಳುವ ದೋಷ. ಕಳೆದ ವರ್ಷ ಇದೇ ವೇಗದಲ್ಲಿ ಸೂಜಿ ನಡುವೆ ಇತ್ತು, ಈಗ ಸ್ವಲ್ಪ ಮೇಲಿದೆ ಅಂದರೆ ಇದರ ಮೇಲೆ ಅನುಮಾನ ಪಡಿ. ಸಣ್ಣ ಸಣ್ಣ ನಳಿಗೆಗಳಲ್ಲಿ ಉಪ್ಪು, ಸುಣ್ಣ, ಪಾಚಿ, ಇಂಪೆಲ್ಲರ್ ಚೂರು ತುಂಬಿಕೊಳ್ಳುತ್ತವೆ. ಕೆಲವದರಲ್ಲಿ ತುಕ್ಕು ತಡೆಯಲು ಸತುವಿನ ಕಡ್ಡಿ ಇರುತ್ತದೆ. ಅದು ತಾನು ಕರಗಿ ಉಳಿದದ್ದನ್ನು ಕಾಪಾಡುತ್ತದೆ. ಅರ್ಧ ಕರಗಿದಾಗ ಬದಲಿಸದಿದ್ದರೆ ಮುರಿದು ಬಿದ್ದು ಅದೇ ನಳಿಗೆ ಮುಚ್ಚುತ್ತದೆ. ಎರಡು ತುದಿಯ ಮುಚ್ಚಳ ಬಿಚ್ಚಿ ಬೆಳಕು ಹಿಡಿದು ನೋಡಿ. ಮೆತ್ತಗಿನ ಕೊಳೆಯನ್ನು ತೆಳ್ಳಗಿನ ಮರದ ಕಡ್ಡಿಯಿಂದ ತಳ್ಳಬಹುದು, ಕಬ್ಬಿಣದ ಕಡ್ಡಿ ಬೇಡ. ಗಟ್ಟಿ ಪದರಕ್ಕೆ ಆಸಿಡ್ ತೊಳೆತ ಬೇಕು. ಅದನ್ನು ಬಿಡಿಭಾಗ ಪೂರ್ತಿ ಹೊರತೆಗೆದು, ಕನ್ನಡಕ ಗ್ಲವ್ಸ್ ಹಾಕಿ, ಗಾಳಿಯಾಡುವ ಜಾಗದಲ್ಲಿ ಮಾಡುವವರು ಮಾಡಲಿ. ಅಲ್ಯೂಮಿನಿಯಂ ಭಾಗಕ್ಕೆ ಆಸಿಡ್ ತಗುಲಬಾರದು.

ಔಟ್‌ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಹೀಟ್ ಎಕ್ಸ್‌ಚೇಂಜರ್ ಇರುವುದಿಲ್ಲ. ಆದರೆ ಹಲವು ಎಂಜಿನ್‌ಗಳಲ್ಲಿ ವೇಗ ಹೆಚ್ಚಿದಾಗ ತೆರೆದುಕೊಂಡು ಜಾಸ್ತಿ ನೀರು ಬಿಡುವ ಸ್ಪ್ರಿಂಗ್ ವಾಲ್ವ್ ಒಂದಿದೆ. ಅದು ಉಪ್ಪಿನಲ್ಲಿ ಅಂಟಿಕೊಂಡರೆ ಇದೇ ಲಕ್ಷಣ. ಪ್ರತಿ ಸಲ ಉಪ್ಪುನೀರಿನಲ್ಲಿ ಓಡಿಸಿದ ಮೇಲೆ ಸಿಹಿನೀರು ಹಾಯಿಸಿ ಅನ್ನುವುದು ಇದಕ್ಕೇ. ಹಾಗೆ ನೆಲದ ಮೇಲೆ ನೀರು ಹಾಯಿಸುವಾಗ ಗೇರ್ ಹಾಕಬೇಡಿ, ಜೋರಾಗಿ ಓಡಿಸಬೇಡಿ.

ಲಕ್ಷಣ: ಬೋಟು ನಿಂತಾಗ ಬಿಸಿ, ಓಡಿದರೆ ತಣ್ಣಗೆ

ಇದು ಸವೆದ ಇಂಪೆಲ್ಲರಿನ ಮಾತು. ಸವೆದ ಎಸಳು ನಿಧಾನದಲ್ಲಿ ನೀರು ಎತ್ತುವುದಿಲ್ಲ, ವೇಗದಲ್ಲಿ ಹೇಗೋ ಎತ್ತುತ್ತದೆ. ಹೀರುವ ಕಡೆ ಸಣ್ಣದಾಗಿ ಗಾಳಿ ಸೇರುತ್ತಿದ್ದರೂ ಹೀಗೇ ಆಗಬಹುದು. ಜೋರಾಗಿ ಬಂದು ನಿಲ್ಲಿಸಿದ ಕೂಡಲೇ ಸೂಜಿ ಸ್ವಲ್ಪ ಏರಿ, ಆಮೇಲೆ ತಾನೇ ಇಳಿದರೆ ಅದು ದೋಷವಲ್ಲ.

ಲಕ್ಷಣ: ಹಿಂದಿನಿಂದ ಬಿಳಿ ಆವಿ, ಎಕ್ಸಾಸ್ಟ್ ಸದ್ದು ಬೇರೆ

ಕಿವಿಗೆ ಮೊದಲು ಗೊತ್ತಾಗುವ ಲಕ್ಷಣ ಇದು. ನೀರು ಬೆರೆತ ಎಕ್ಸಾಸ್ಟ್ ಗುಳುಗುಳು ಅನ್ನುತ್ತದೆ. ನೀರು ಕಡಿಮೆಯಾದರೆ ಸದ್ದು ಒಣಗಿ, ಟೊಳ್ಳಾಗಿ, ಜೋರಾಗುತ್ತದೆ. ಸೂಜಿ ಅಲುಗುವ ಮೊದಲೇ ಸದ್ದು ಬದಲಾಗಿರುತ್ತದೆ. ನಿಮ್ಮ ಎಂಜಿನ್ ಸರಿಯಿದ್ದಾಗ ಹೇಗೆ ಸದ್ದು ಮಾಡುತ್ತದೆ ಅಂತ ಕಿವಿಗೆ ಅಭ್ಯಾಸ ಮಾಡಿಸಿ, ಅದಕ್ಕಿಂತ ಅಗ್ಗದ ಅಲಾರಾಂ ಇಲ್ಲ.

ಬಿಳಿ ಕಂಡದ್ದೆಲ್ಲ ಒಂದೇ ಅಲ್ಲ. ಆವಿಯಾದರೆ ಸ್ವಲ್ಪ ದೂರದಲ್ಲೇ ಗಾಳಿಯಲ್ಲಿ ಕರಗಿಹೋಗುತ್ತದೆ: ನೀರು ಸಾಲುತ್ತಿಲ್ಲ. ತಣ್ಣಗಿನ ಬೆಳಗ್ಗೆ ಸ್ವಲ್ಪ ಆವಿ ಸಹಜ. ತೇಲುತ್ತಲೇ ಉಳಿದು, ಕಣ್ಣು ಉರಿಸಿ, ನೀರಿನ ಮೇಲೆ ಎಣ್ಣೆ ಬಿಟ್ಟರೆ ಉರಿಯದ ಡೀಸೆಲ್, ಅದು ಬೇರೆ ದೋಷ. ಸಿಹಿ ವಾಸನೆ ಬಂದರೆ ಕೂಲೆಂಟ್ ಎಂಜಿನ್ನಿನೊಳಗೆ ಸುಡುತ್ತಿದೆ, ನಿಲ್ಲಿಸಿ.

ಪಂಪಿನಿಂದ ನೀರು ಚೆನ್ನಾಗಿ ಹೊರಟರೂ ಹಿಂದೆ ಕಡಿಮೆ ಬಿದ್ದರೆ ಎಕ್ಸಾಸ್ಟ್ ಎಲ್ಬೋ ನೋಡಿ. ಅಲ್ಲಿ ಮಸಿ ಮತ್ತು ಉಪ್ಪು ಸೇರಿ ಕಲ್ಲಿನಂತಾಗುತ್ತದೆ. ಎಂಜಿನ್ ಶಕ್ತಿಯೂ ಕುಗ್ಗಿರುತ್ತದೆ. ಬಿಚ್ಚಿ ನೋಡದೆ ಗೊತ್ತಾಗುವುದಿಲ್ಲ. ಒಳಗೆ ಬೆರಳು ಹೋಗದಷ್ಟು ಕಟ್ಟಿದ್ದರೆ ಕೆರೆಯುವ ಬದಲು ಹೊಸದು ಹಾಕುವುದು ವಾಸಿ, ಅಷ್ಟು ಹೊತ್ತಿಗೆ ಗೋಡೆಯೂ ತುಕ್ಕು ತಿಂದು ತೆಳ್ಳಗಾಗಿರುತ್ತದೆ.

ನೀರಿಲ್ಲದ ಎಕ್ಸಾಸ್ಟ್ ರಬ್ಬರ್ ಹೋಸನ್ನು ಸುಡುತ್ತದೆ. ಹೋಸು ತೂತಾದರೆ ಹೊಗೆ ಬೋಟಿನೊಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗೆ ಕೂತವರಿಗೆ ತಲೆನೋವು, ವಾಕರಿಕೆ ಶುರುವಾದರೆ ಅದನ್ನು ಅಲೆಯ ಹೊಡೆತ ಅಂದುಕೊಳ್ಳಬೇಡಿ. ಎಂಜಿನ್ ನಿಲ್ಲಿಸಿ, ಎಲ್ಲರನ್ನೂ ಹೊರಗಾಳಿಗೆ ತನ್ನಿ.

ಲಕ್ಷಣ: ನೀರು ಧಾರಾಳ ಬರುತ್ತಿದೆ, ಆದರೂ ಬಿಸಿ

ಈಗ ಒಳಗಿನ ಕಡೆ ಬನ್ನಿ. ಎಂಜಿನ್ ಪೂರ್ತಿ ತಣಿದ ಮೇಲೆ ಕೂಲೆಂಟ್ ಟ್ಯಾಂಕಿನ ಮುಚ್ಚಳಕ್ಕೆ ದಪ್ಪ ಬಟ್ಟೆ ಹಾಕಿ, ಕಾಲು ಸುತ್ತು ತಿರುಗಿಸಿ, ಒಳಗಿನ ಒತ್ತಡ ಹೊರಬಿದ್ದ ಮೇಲೆ ತೆರೆಯಿರಿ. ಕೂಲೆಂಟ್ ಕಡಿಮೆಯಿದ್ದರೆ ತುಂಬಿಸಿ, ಎಲ್ಲಿ ಹೋಯಿತು ಅಂತ ಹುಡುಕಿ. ಇತ್ತೀಚೆಗಷ್ಟೇ ಕೂಲೆಂಟ್ ಬದಲಿಸಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಎಂಜಿನ್ನಿನ ಮೇಲ್ಭಾಗದಲ್ಲಿರುವ ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಬಿಡಿ. ಮುಚ್ಚಳದ ರಬ್ಬರೂ ನೋಡಿ. ಒತ್ತಡ ಹಿಡಿಯದ ಮುಚ್ಚಳದಲ್ಲಿ ಕೂಲೆಂಟ್ ಬೇಗ ಕುದಿಯುತ್ತದೆ.

ಥರ್ಮೋಸ್ಟಾಟ್ ಪರೀಕ್ಷೆ ಒಲೆಯ ಮೇಲೆ ಆಗುತ್ತದೆ. ಅದನ್ನು ದಾರದಲ್ಲಿ ಕಟ್ಟಿ ಪಾತ್ರೆಯ ನೀರಿಗೆ ಇಳಿಬಿಡಿ, ತಳಕ್ಕೆ ತಾಗಬಾರದು. ಪಕ್ಕದಲ್ಲಿ ಥರ್ಮಾಮೀಟರ್. ಅದರ ಮೈಮೇಲೆ ಕೊರೆದಿರುವ ಡಿಗ್ರಿಗೆ ಹತ್ತಿರದಲ್ಲಿ ಬಾಯಿ ಬಿಡಲು ಶುರು ಮಾಡಬೇಕು. ಇನ್ನು ಹತ್ತು ಹದಿನೈದು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು. ಕುದಿಯುವ ನೀರಿನಲ್ಲೂ ಬಾಯಿ ಮುಚ್ಚಿಕೊಂಡೇ ಇದ್ದರೆ ಕಾರಣ ಸಿಕ್ಕಿತು.

ಹೊಸದು ತರುವಾಗ ಅದೇ ಡಿಗ್ರಿಯದ್ದು ತನ್ನಿ. ಸಮುದ್ರದ ನೀರೇ ನೇರವಾಗಿ ಸುತ್ತುವ ಎಂಜಿನ್‌ಗಳನ್ನು 60 ಡಿಗ್ರಿಯ ಆಸುಪಾಸಿನಲ್ಲೇ ಇಡುತ್ತಾರೆ, ಅದಕ್ಕಿಂತ ಬಿಸಿಯಾದರೆ ಉಪ್ಪಿನ ಪದರ ಬೇಗ ಕಟ್ಟುತ್ತದೆ. ಕೂಲೆಂಟ್ ಇರುವ ಎಂಜಿನ್‌ಗಳು ಸಾಮಾನ್ಯವಾಗಿ 80 ದಾಟಿ ಓಡುತ್ತವೆ. ಒಂದರದ್ದು ಇನ್ನೊಂದಕ್ಕೆ ಹಾಕಬಾರದು. ಥರ್ಮೋಸ್ಟಾಟ್ ತೆಗೆದೇ ಓಡಿಸಿ ಅನ್ನುವವರು ಸಿಗುತ್ತಾರೆ. ಕೆಲವು ಎಂಜಿನ್‌ಗಳಲ್ಲಿ ಅದಿಲ್ಲದಿದ್ದರೆ ನೀರು ಅಡ್ಡದಾರಿಯಲ್ಲೇ ಸುತ್ತಿ, ತಣಿಯುವ ಕಡೆಗೆ ಹೋಗುವುದೇ ಇಲ್ಲ.

ಲಕ್ಷಣ: ಕೂಲೆಂಟ್ ಇಳಿಯುತ್ತಿದೆ, ಎಣ್ಣೆ ಹಾಲಿನ ಹಾಗಾಗಿದೆ

ಇಲ್ಲಿ ನಿಮ್ಮ ಕೆಲಸ ಮುಗಿಯಿತು, ಮೆಕ್ಯಾನಿಕ್ ಕೆಲಸ ಶುರು.

ಎಣ್ಣೆಯ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್, ತೆಗೆದಾಗ ಎಣ್ಣೆ ಕಾಫಿಗೆ ಹಾಲು ಬೆರೆಸಿದ ಬಣ್ಣಕ್ಕೆ ಬಂದಿದ್ದರೆ ಅದರೊಳಗೆ ನೀರು ಸೇರಿದೆ. ಎಂಜಿನ್ ಓಡುವಾಗ ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ನಿಲ್ಲದೆ ಬರುತ್ತಿದ್ದರೆ, ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಹೋಸು ಕಲ್ಲಾದರೆ, ಎಂಜಿನ್ನಿನ ತಲೆಭಾಗದ ಕೆಳಗಿರುವ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋಗಿರಬಹುದು. ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಇಳಿಯುತ್ತಿದ್ದರೆ ಹೀಟ್ ಎಕ್ಸ್‌ಚೇಂಜರ್ ಒಳಗೆ ತೂತಾಗಿ, ಕೂಲೆಂಟ್ ಹೊರಗಿನ ನೀರಿನ ಜೊತೆ ಸಮುದ್ರ ಸೇರುತ್ತಿರಬಹುದು. ಇವು ಯಾವುದನ್ನೂ ಇನ್ನೊಂದು ಸಲ ಓಡಿಸಿ ನೋಡೋಣ ಅನ್ನಬೇಡಿ. ಉಪ್ಪುನೀರು ಸೇರಿದ ಎಂಜಿನ್ನಿನಲ್ಲಿ ದಿನ ತಡವಾದಷ್ಟೂ ತುಕ್ಕು ಒಳಗೊಳಗೇ ಕೆಲಸ ಮಾಡುತ್ತಿರುತ್ತದೆ. ಅಂದೇ ಕರೆಸಿ. ಸೋರಿದ ಕೂಲೆಂಟನ್ನು ಒರೆಸಿಬಿಡಿ, ರುಚಿ ಸಿಹಿ, ಆದರೆ ವಿಷ. ಮಕ್ಕಳು, ನಾಯಿ ನೆಕ್ಕಬಾರದು.

ಲಕ್ಷಣ: ಸೂಜಿ ಮೇಲೆ, ಎಂಜಿನ್ ಮಾತ್ರ ಬಿಸಿಯಿಲ್ಲ

ದೀಪ ಹಾಕಿದಾಗ ಸೂಜಿ ಕುಣಿದರೆ, ಕೀ ತಿರುಗಿಸಿದ ಕೂಡಲೇ ತಣ್ಣಗಿನ ಎಂಜಿನ್ನಿನಲ್ಲೂ ಕೆಂಪಿಗೆ ಹೋದರೆ ಅದು ವೈರಿನ ಮಾತು. ಅರ್ಥ್ ವೈರು, ಸೆನ್ಸರ್ ತುದಿಯ ತುಕ್ಕು, ಎಂಜಿನ್ ಮೈಗೆ ಉಜ್ಜಿ ಸಿಪ್ಪೆ ಹೋದ ತಂತಿ ನೋಡಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಥರ್ಮೋಸ್ಟಾಟ್ ಮನೆಗೆ ಗುರಿಯಿಟ್ಟು ಅಳೆಯಿರಿ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ, ಒಂದು ತುಂಡು ಕಪ್ಪು ಟೇಪ್ ಅಂಟಿಸಿ ಅದರ ಮೇಲೆ ಅಳೆಯಿರಿ.

ಇದರ ಉಲ್ಟಾ ಜಾಸ್ತಿ ಅಪಾಯ. ಕೂಲೆಂಟ್ ಪೂರ್ತಿ ಇಳಿದು ಸೆನ್ಸರ್ ಒಣಗಿ ನಿಂತರೆ ಸೂಜಿ ಸುಮ್ನೆ ಕೆಳಗೇ ಇರುತ್ತದೆ, ಎಂಜಿನ್ ಬೇಯುತ್ತಿರುತ್ತದೆ. ಸುಟ್ಟ ಬಣ್ಣದ ವಾಸನೆ ಬಂದರೆ ಸೂಜಿಯನ್ನು ನಂಬಬೇಡಿ.

ಮತ್ತೆ ಚಾಲೂ ಮಾಡುವ ಮೊದಲು

ತೀರ ಬಿಸಿಯಾಗಿ ತಾನೇ ನಿಂತುಹೋದ ಎಂಜಿನ್ನಾದರೆ, ಕೈಯಿಂದ ತಿರುಗಿಸಿ ನೋಡದೆ ಸ್ಟಾರ್ಟರ್ ಒತ್ತಬೇಡಿ. ಎಣ್ಣೆಯ ಬಣ್ಣ ನೋಡಿ, ಎಕ್ಸಾಸ್ಟ್ ಹೋಸು ಮೃದುವಾಗಿ ಊದಿದೆಯಾ ನೋಡಿ, ಬೋಟಿನ ಒಳತಳ, ಅಂದರೆ ಬಿಲ್ಜ್‌ನಲ್ಲಿ ನೀರಿದೆಯಾ ನೋಡಿ. ಹೋಸು ಕಿತ್ತುಬಂದಿದ್ದರೆ ಎಂಜಿನ್ ತಣಿಯಬೇಕಾದ ನೀರೆಲ್ಲ ಬೋಟಿನೊಳಗೆ ಸುರಿದಿರುತ್ತದೆ. ಪೆಟ್ರೋಲ್ ಇನ್‌ಬೋರ್ಡ್ ಆದರೆ ಮೊದಲು ಮೂಗಿನಿಂದ ನೋಡಿ. ಪೆಟ್ರೋಲ್ ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಒತ್ತಬೇಡಿ. ಇಲ್ಲದಿದ್ದರೆ ಎಂಜಿನ್ ಕೋಣೆಯ ಗಾಳಿ ಹೊರಹಾಕುವ ಬ್ಲೋವರ್ ಫ್ಯಾನನ್ನು ಕನಿಷ್ಠ ನಾಲ್ಕು ನಿಮಿಷ ಓಡಿಸಿ, ಆಮೇಲೆ ಕೀ ತಿರುಗಿಸಿ.

ಇನ್‌ಬೋರ್ಡ್ ಹಿಡಿಯದೆ ಮತ್ತೆ ಮತ್ತೆ ಸ್ಟಾರ್ಟರ್ ಹೊಡೆಯಬೇಕಾಗಿ ಬಂದರೆ ಸೀಕಾಕ್ ಮುಚ್ಚಿಡಿ. ಪ್ರತಿ ಸಲ ತಿರುಗಿದಾಗಲೂ ಪಂಪು ನೀರು ತಳ್ಳುತ್ತದೆ, ಅದನ್ನು ಹೊರದೂಡಲು ಹೊಗೆ ಇಲ್ಲ. ಸೈಲೆನ್ಸರ್ ತುಂಬಿ ನೀರು ಹಿಂದಕ್ಕೆ ಹರಿದು ಸಿಲಿಂಡರ್ ಸೇರುತ್ತದೆ. ಎಂಜಿನ್ ಹಿಡಿದ ಮರುಕ್ಷಣ ಸೀಕಾಕ್ ತೆರೆಯಿರಿ. ಮರೆಯದಿರಲು ನಾನು ಸೀಕಾಕ್ ಮುಚ್ಚಿದಾಗಲೆಲ್ಲ ಎಂಜಿನ್ ಕೀಯನ್ನು ಅದರ ಹಿಡಿಗೇ ನೇತುಹಾಕುತ್ತೇನೆ. ಸ್ಟಾರ್ಟರ್ ಹೊಡೆಯಲು ಕೀ ತೆಗೆದ ದಿನ ಅದರ ಜಾಗದಲ್ಲಿ ಕೆಂಪು ಬಟ್ಟೆ ಕಟ್ಟಿ, ಒಬ್ಬರನ್ನು ಹಿಡಿಯ ಪಕ್ಕದಲ್ಲೇ ಕೂರಿಸುತ್ತೇನೆ.